ದಾರ ಮುಟ್ಟುವಷ್ಟು ದೂರ

ನನ್ನ ಓರಗಿತ್ತಿ ಹಾಸಿಗೆ ಹೊಲಿಯುತ್ತಾಳೆ. ನನ್ನ ಗಂಡನ ಅಣ್ಣನ ಹೆಂಡತಿಯಾದ್ದರಿಂದ ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಈಗ ನಮ್ಮ ಕಟ್ಟಡದವರೆಲ್ಲ ಹಾಗೆಯೇ ಕರೆಯುತ್ತಾರೆ. ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು, ಕೈಯಲ್ಲಿ ಹಿಂಜಿ, ಮತ್ತೆ ತುಂಬಿ, ದಬ್ಬಣದಿಂದ ಹೊಲಿಯುವುದು ಅವಳ ಕೆಲಸ. ಅವಳು ಹೊಲಿದ ಹಾಸಿಗೆಯ ಮೂಲೆ ಕುಗ್ಗುವುದಿಲ್ಲ. ಮೊದಲು ಮೂಲೆಗಳಿಗೆ ಹತ್ತಿ ತುಂಬಿ ಆಮೇಲೆ ನಡುವಿಗೆ ಬರುತ್ತಾಳೆ, ಅದಕ್ಕೇ.

ಊರಿಗೆಲ್ಲ ಹಾಸಿಗೆ ಹೊಲಿದವಳು ಬಹಳ ವರ್ಷ ಗೋದಾಮಿನ ಗೋಡೆಯ ಪಕ್ಕ, ಫುಟ್‌ಪಾತಿನ ಕಲ್ಲಿನ ಮೇಲೆ ಮಲಗಿದಳು. ಅವಳ ಪಕ್ಕದಲ್ಲಿ ನಾನು. ಒಂದು ಸಲ ಹಾಸಿಗೆ ಒಯ್ಯಲು ಬಂದ ಬಟ್ಟೆ ಅಂಗಡಿಯವರು ನಮ್ಮ ಹರಕು ಚಾಪೆ ನೋಡಿ ನಕ್ಕರು.

"ಏನಮ್ಮಾ, ನಮಗೆಲ್ಲ ಮೆತ್ತಗೆ ಮಾಡಿ ಕೊಟ್ಟು ನೀನು ಕಲ್ಲಿನ ಮೇಲೆ ಮಲಗ್ತೀಯಲ್ಲ?"

"ಹಾಸಿಗೆ ಹೊಲೀಬಹುದು ಯಜಮಾನ್ರೇ, ಅದನ್ನ ಹಾಸೋ ಜಾಗ ಹೊಲಿಯಕ್ಕಾಗುತ್ತಾ?" ಎಂದಳು ಅಕ್ಕ, ದಾರವನ್ನು ಹಲ್ಲಿನಿಂದ ಕತ್ತರಿಸುತ್ತ. ಅವರು ಹಾಸಿಗೆ ಹೊರಿಸಿಕೊಂಡು ಹೋದರು.

ಬೀದಿಗೆ ಹೇಗೆ ಬಂದಿರಿ ಎಂದು ಜನ ಕೇಳುತ್ತಾರೆ. ಕುಡಿತವೋ ಜೂಜೋ ಇರಬೇಕು ಎಂದು ಅವರೇ ಅಂದುಕೊಂಡು ಕೇಳುತ್ತಾರೆ. ನಮ್ಮಲ್ಲಿ ಎರಡೂ ಇರಲಿಲ್ಲ. ನಮ್ಮಿಬ್ಬರ ಗಂಡಂದಿರೂ ಹಗ್ಗದ ಕಾರ್ಖಾನೆಯಲ್ಲಿದ್ದರು. ಕೆಲಸದ ಜೊತೆಗೇ ಮನೆ. ಕಾರ್ಖಾನೆಯ ಹಿಂದೆ ಸಾಲಾಗಿ ಕಟ್ಟಿದ್ದ ಮನೆಗಳಲ್ಲಿ ಒಂದು ನಮ್ಮದು. ಹುಟ್ಟಿದ್ದು, ಸತ್ತದ್ದು ಎಲ್ಲ ಅಲ್ಲೇ. ನನ್ನ ಯಜಮಾನರು ಬೇಗ ಹೋದರು. ಆದರೂ ಭಾವನ ಕೆಲಸವಿತ್ತು, ಹಾಗಾಗಿ ಮನೆಯೂ ಇತ್ತು. ಆಮೇಲೆ ಪ್ಲಾಸ್ಟಿಕ್ ಹಗ್ಗ ಬಂತು, ನಾರಿನ ಹಗ್ಗ ಕೇಳುವವರಿಲ್ಲದೆ ಹೋಯಿತು, ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು. ಅದರ ಹಿಂದೆಯೇ ಮನೆಗಳಿಗೂ ಬಿತ್ತು. ಕೆಲಸ ಹೋದ ದಿನವೇ ಸೂರೂ ಹೋಗುವ ಮನೆ ಅದು ಎಂದು ಅಲ್ಲಿರುವಾಗ ಯಾರಿಗೂ ಹೊಳೆದಿರಲಿಲ್ಲ.

ಬಾಡಿಗೆ ಮನೆ ಹುಡುಕಿದೆವು. ಎಲ್ಲಿ ಹೋದರೂ ಮೊದಲು ಅಡ್ವಾನ್ಸ್, ಆಮೇಲೆ ಎಲ್ಲಿ ಕೆಲಸ ಎಂಬ ಪ್ರಶ್ನೆ. ಅದೆಲ್ಲ ಹೇಗೋ ಒಪ್ಪಿದ ಒಬ್ಬರು ಮಾತಿನ ನಡುವೆಯೇ ನಾನು ಅವರ ಜಗುಲಿಯ ಮೇಲೆ ಬಿದ್ದು ಒದ್ದಾಡಿದ್ದು ನೋಡಿ ಬಾಗಿಲು ಹಾಕಿಕೊಂಡರು. ನನಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಅಕ್ಕನ ಮಗಳ ಗಂಡನ ಮನೆಯಲ್ಲಿ ಒಂದೇ ಕೋಣೆ, ಅದರಲ್ಲಿ ಏಳು ಜನ. ಅಲ್ಲಿ ನಾಲ್ಕು ದಿನ ಇದ್ದು, ಮಗಳ ಮುಖ ಸಣ್ಣಗಾಗುವ ಮೊದಲೇ ಅಕ್ಕ ಎದ್ದಳು. ಹೀಗೆ ಗೋದಾಮಿನ ಗೋಡೆಗೆ ಬಂದೆವು. ಭಾವ ಅಲ್ಲೇ ಎರಡು ಚಳಿಗಾಲ ಕಂಡು ತೀರಿಕೊಂಡರು. ಕಾರ್ಖಾನೆಯಲ್ಲಿ ನಾರು ಹಿಂಜಿ ಅಭ್ಯಾಸವಿದ್ದ ಅಕ್ಕ ಹತ್ತಿ ಹಿಂಜಲು ಕುಳಿತಳು.

ಗೋಡೆಯ ಸಾಲಿನಲ್ಲಿ ನಾವು ಮಾತ್ರ ಇರಲಿಲ್ಲ. ತಳ್ಳುಗಾಡಿಯವನು ಮತ್ತು ಅವನ ಹೆಂಡತಿ ನಮ್ಮ ಪಕ್ಕದಲ್ಲಿದ್ದರು. ಅವರು ಬಾಡಿಗೆಗಿದ್ದ ಮನೆ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಪರಿಹಾರ ಮನೆ ಮಾಲೀಕರಿಗೆ ಸಿಕ್ಕಿತು, ಬಾಡಿಗೆಯವರಿಗೆ ಬೀದಿ ಸಿಕ್ಕಿತು. ಅವನ ಗೊರಕೆ ಎಷ್ಟಿತ್ತೆಂದರೆ ಬೀದಿನಾಯಿಗಳು ನಮ್ಮ ಕಡೆ ಸುಳಿಯುತ್ತಿರಲಿಲ್ಲ.

ನನಗೆ ಮೂರ್ಛೆ ಹೆಚ್ಚಾಗಿ ನಿದ್ದೆಯಲ್ಲೇ ಬರುತ್ತದೆ. ಕೂಡಲೇ ಒಂದು ಮಗ್ಗುಲಿಗೆ ಹೊರಳಿಸದಿದ್ದರೆ ಉಸಿರು ಕಟ್ಟುತ್ತದೆ. ಅಕ್ಕನಿಗೆ ದಿನವಿಡೀ ಹತ್ತಿ ಬಡಿದು ಸತ್ತಂತೆ ನಿದ್ದೆ. ಅದಕ್ಕೆ ಅವಳೇ ಒಂದು ಉಪಾಯ ಮಾಡಿದಳು. ಹಾಸಿಗೆ ಹೊಲಿಯುವ ಮೇಣದ ದಾರದ ಒಂದು ತುದಿ ನನ್ನ ಕೈಗೆ, ಇನ್ನೊಂದು ತುದಿ ಅವಳ ಕಾಲಿನ ಹೆಬ್ಬೆರಳಿಗೆ. ನಾನು ಒದ್ದಾಡಿದರೆ ಅವಳ ಬೆರಳು ಎಳೆಯುತ್ತದೆ.

ಮೊದಲ ಸಲ ನೋಡಿದಾಗ ಗಾಡಿಯವನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಇದೇನಕ್ಕಾ, ಓರಗಿತ್ತಿ ಓಡಿಹೋಗ್ತಾಳೆ ಅಂತ ಕಟ್ಟಿಹಾಕಿದ್ದೀಯಾ?"

"ಹೂಂ. ಒಳ್ಳೆ ಮನೆ ಕಂಡು ಓಡಿಹೋದ್ರೆ ನನ್ನನ್ನೂ ಎಳ್ಕೊಂಡು ಹೋಗ್ಲಿ ಅಂತ."

ಎಷ್ಟೋ ಸಲ ಆ ದಾರ ನನ್ನನ್ನು ಬದುಕಿಸಿದೆ. ಬೆಳಗ್ಗೆ ಎದ್ದಾಗ ಅವಳ ಹೆಬ್ಬೆರಳಿನ ಸುತ್ತ ಕೆಂಪು ಗೆರೆ ಕಂಡರೆ, ರಾತ್ರಿ ನನಗೆ ಏನೋ ಆಗಿತ್ತೆಂದು ತಿಳಿಯುತ್ತಿತ್ತು. ಅವಳಾಗಿ ಹೇಳುತ್ತಿರಲಿಲ್ಲ.

ಸರ್ಕಾರದವರು ಊರಾಚೆ ಬಡವರಿಗೆ ಕಟ್ಟಡಗಳನ್ನು ಕಟ್ಟಿಸಿ, ನಮ್ಮ ಗೋಡೆಯ ಸಾಲಿಗೂ ಮನೆ ಕೊಡುತ್ತೇವೆ ಎಂದಾಗ ನಾನು ಕೇಳಿದ್ದು ಒಂದೇ, ಒಳಗಡೆ ಚಿಲಕ ಇದೆಯೇ ಎಂದು. ಇದೆ ಎಂದರು. ಅಷ್ಟು ವರ್ಷ ಬೀದಿಯಲ್ಲಿ ಮಲಗಿದ ಹೆಂಗಸಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕಕ್ಕಿಂತ ದೊಡ್ಡ ಆಸೆ ಇರುವುದಿಲ್ಲ.

ಮನೆಗಳನ್ನು ಚೀಟಿ ಎತ್ತಿ ಕೊಟ್ಟರು. ವಿಧವೆಯರಿಗೆ ಬೇರೆ ಬೇರೆ ಮನೆ, ಒಂದೊಂದು ಕೋಣೆ. ರಾತ್ರಿ ಯಾರೂ ಮಲಗದೆ ಖಾಲಿ ಬಿಟ್ಟ ಮನೆ ವಾಪಸ್ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಅಕ್ಕ ಎತ್ತಿದ ಚೀಟಿಗೆ ಮೊದಲ ಕಟ್ಟಡದಲ್ಲಿ ಕೆಳಗಿನ ಮನೆ ಬಂತು. ರಸ್ತೆಗೆ ಮುಖ, ಮುಂದೆ ಬಯಲು. ಹತ್ತಿ ಒಣಗಿಸಲು, ಬಡಿಯಲು, ಹಾಸಿಗೆ ಇಳಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ನಮ್ಮವರೆಲ್ಲ ಸಿಳ್ಳೆ ಹಾಕಿದರು. ಆಮೇಲೆ ನಾನು ಎತ್ತಿದೆ. ಕೊನೆಯ ಕಟ್ಟಡದ ನಾಲ್ಕನೇ ಮಹಡಿ. ನನ್ನ ಪಕ್ಕದ ಮನೆ ಗಾಡಿಯವನಿಗೆ ಬಂತು. ಅವನು ತಲೆಯ ಮೇಲೆ ಕೈ ಹೊತ್ತ. "ಗಾಡೀನ ನಾಲ್ಕನೇ ಮಹಡಿಗೆ ಹೊತ್ಕೊಂಡು ಹೋಗ್ಲಾ? ಕೆಳಗೆ ಬಿಟ್ರೆ ಬೆಳಗ್ಗೆಗೆ ಚಕ್ರವೂ ಇರಲ್ಲ."

ಅಕ್ಕ ನನ್ನ ಚೀಟಿ ನೋಡಿದಳು, ತನ್ನದು ನೋಡಿದಳು, ನೆಟ್ಟಗೆ ಅಧಿಕಾರಿಗಳ ಮೇಜಿನ ಹತ್ತಿರ ಹೋದಳು. ಅಲ್ಲಿ ಕುಳಿತಿದ್ದ ಮೇಡಂ ಚಿಕ್ಕ ವಯಸ್ಸಿನವರು.

"ಮೇಡಂ, ನನ್ನ ಮನೆ ಈ ಗಾಡಿಯವನಿಗೆ ಕೊಡಿ. ಅವನದು ನನಗೆ ಕೊಡಿ."

"ಅದಲುಬದಲು ಮಾಡೋ ಹಾಗಿಲ್ಲಮ್ಮ." ಮೇಡಂ ಬೇಸರವಿಲ್ಲದೆ ಬಿಡಿಸಿ ಹೇಳಿದರು. ಮೊದಲು ಕಟ್ಟಿದ ಮನೆಗಳಲ್ಲಿ ಹೀಗೆ ಬಿಟ್ಟದ್ದರಿಂದ ತೋಳ್ಬಲ ಇದ್ದವರು ಕೆಳಗಿನದನ್ನೆಲ್ಲ ಹೆದರಿಸಿ ತೆಗೆದುಕೊಂಡಿದ್ದರಂತೆ. ಮುದುಕರು ಮೆಟ್ಟಿಲು ಹತ್ತಲಾರದೆ ಮತ್ತೆ ಫುಟ್‌ಪಾತಿಗೇ ಹೋಗಿದ್ದರಂತೆ. ಅವರ ಮಾತೂ ಸುಳ್ಳಲ್ಲ. ಅಂಥ ಮುದುಕರು ಇಬ್ಬರು ಒಂದು ಕಾಲದಲ್ಲಿ ನಮ್ಮ ಗೋಡೆಗೂ ಬಂದಿದ್ದರು.

"ಈತ ನಿಮ್ಮನ್ನ ಹೆದರಿಸಿದ್ದಾನಾ? ಏನಾದ್ರೂ ಕೊಡ್ತೀನಿ ಅಂದಿದ್ದಾನಾ?"

"ಇವನು ಇಷ್ಟು ವರ್ಷ ಕೊಟ್ಟಿದ್ದು ಗೊರಕೆ ಒಂದೇ ಮೇಡಂ. ಅದನ್ನೂ ವಾಪಸ್ ತಗೊಳ್ಳಲಿ."

ಸುತ್ತಲಿನವರು ನಕ್ಕರು. ಅಕ್ಕ ನಗಲಿಲ್ಲ. ಸೊಂಟದ ಚೀಲದಿಂದ ದಾರ ತೆಗೆದು, ಎಲ್ಲರ ಎದುರಿಗೇ ನನ್ನ ಕೈಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ನಿಂತಳು.

"ಇವಳಿಗೆ ಮೂರ್ಛೆ ಬರುತ್ತೆ. ಬಂದಾಗ ಈ ದಾರ ನನ್ನ ಎಬ್ಬಿಸುತ್ತೆ. ಮೊದಲ ಕಟ್ಟಡದಿಂದ ಕೊನೆ ಕಟ್ಟಡಕ್ಕೆ ಇದು ಮುಟ್ಟಲ್ಲ. ಮುಟ್ಟೋವಷ್ಟು ದೂರದಲ್ಲಿ ಎಲ್ಲಾದ್ರೂ ಕೊಡಿ, ಮೇಲಾದ್ರೂ ಸರಿ, ಮೂಲೆಯಾದ್ರೂ ಸರಿ."

"ನಿಮ್ಮ ಕೆಲಸ?" ಎಂದರು ಮೇಡಂ. "ನಾಲ್ಕನೇ ಮಹಡಿ ಕಾರಿಡಾರಿನಲ್ಲಿ ಹತ್ತಿ ಬಡಿಯೋಕೆ ಬಿಡಲ್ಲ. ಆಮೇಲೆ ಕೆಳಗಿನ ಮನೆ ವಾಪಸ್ ಬೇಕು ಅಂದ್ರೂ ಸಿಗಲ್ಲ. ಯೋಚನೆ ಮಾಡಿ."

ನಾನು ಅಕ್ಕನ ತೋಳು ಜಗ್ಗಿದೆ. "ಬೇಡ ಕಣಕ್ಕಾ. ಇಂಥ ಜಾಗ ಜನ್ಮದಲ್ಲಿ ಸಿಗಲ್ಲ. ನಾನು ಹೇಗೋ ಇರ್ತೀನಿ."

"ಹೇಗೋ ಇರಕ್ಕೆ ನೀನು ಇದ್ರೆ ತಾನೇ? ಸುಮ್ನಿರು."

ಮೇಡಂ ಆಚೆ ಹೋಗಿ ಮೇಲಿನವರಿಗೆ ಫೋನು ಮಾಡಿದರು. ಬಹಳ ಹೊತ್ತು ಮಾತಾಡಿದರು. ಆ ಕಡೆಯವರು ಕಿರುಚುವುದು ನಮಗೂ ಕೇಳಿಸುತ್ತಿತ್ತು. ನನ್ನ ಕೈಗೆ ದಾರ ಕಟ್ಟಿಯೇ ಇತ್ತು. ಬಿಚ್ಚಲು ನೆನಪಾಗಲಿಲ್ಲ, ಅಕ್ಕನೂ ತುದಿ ಬಿಟ್ಟಿರಲಿಲ್ಲ. ಕೊನೆಗೆ ಮೇಡಂ ಬಂದು, "ಹೆಬ್ಬೆಟ್ಟು ಒತ್ತಿ" ಎಂದರು. ಗಾಡಿಯವನು ಅಳುತ್ತಲೋ ನಗುತ್ತಲೋ ತಿಳಿಯದಂತೆ ಅಕ್ಕನ ಕಾಲಿಗೆ ಬೀಳಲು ಬಂದ. "ಏಳೋ, ಹಾಸಿಗೆ ಸಾಗಿಸಕ್ಕೆ ನಿನ್ನ ಗಾಡಿ ಬೇಕು" ಎಂದು ಎಬ್ಬಿಸಿದಳು.

ಮನೆಗೆ ಬಂದ ಮೇಲೆ ಗೋಡೆಯೊಂದು ನಮ್ಮ ನಡುವೆ ಬಂತು. ದಾರವನ್ನು ನನ್ನ ಕಿಟಕಿಯಿಂದ ಹೊರಗೆ ಬಿಟ್ಟು ಅವಳ ಕಿಟಕಿಯಿಂದ ಒಳಗೆ ತೆಗೆದುಕೊಂಡೆವು. ಆಗ ಅಕ್ಕನಿಗೆ ಹೊಳೆಯಿತು.

"ದಾರ ಎಳೆದ್ರೆ ನಾನು ಎದ್ದು ಬಂದೆ ಅಂತಿಟ್ಕೋ. ನೀನು ಚಿಲಕ ಹಾಕಿರ್ತೀಯಲ್ಲೇ."

ನಾನು ಚಿಲಕದ ಕಡೆ ನೋಡಿದೆ. ಹೊಸ ಚಿಲಕ, ಎಣ್ಣೆ ಹಾಕಿದಂತೆ ಜಾರುತ್ತಿತ್ತು. ಬಂದಾಗಿನಿಂದ ಸುಮ್ಮಸುಮ್ಮನೆ ಹಾಕಿ ತೆಗೆದು ನೋಡಿದ್ದೆ. ಅವಳು ಕೆಳಗಿನ ಮನೆಯನ್ನೇ ಬಿಟ್ಟು ಬಂದಿದ್ದಾಳೆ, ನನ್ನದು ಒಂದು ಚಿಲಕ. ಬಾಗಿಲನ್ನು ಬರೀ ಮುಂದಕ್ಕೆ ಎಳೆದುಕೊಳ್ಳುತ್ತೇನೆ ಎಂದೆ.

ನಮ್ಮಂತೆ ಬಂದವರಲ್ಲಿ ಕೆಲವರು ಮನೆಗೆ ಬೀಗ ಹಾಕಿ ಗೋಡೆಗೇ ಮರಳಿದರು. ಕೆಲಸ ಊರೊಳಗೆ, ಮನೆ ಊರಾಚೆ, ಬಸ್ಸು ಅಪರೂಪ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಕ್ಕ ಮರಳಲಿಲ್ಲ. ಹತ್ತಿಯ ಮೂಟೆಗಳನ್ನು ತಲೆಯ ಮೇಲೆ ಹೊತ್ತು ತಾರಸಿಗೆ ಹತ್ತಿಸಿ ಅಲ್ಲೇ ಬಡಿಯುತ್ತಾಳೆ. ಗಾಳಿ ಬಂದರೆ ಅರಳೆ ಹಾರಿ ಎಲ್ಲರ ಒಗೆದ ಬಟ್ಟೆಯ ಮೇಲೆ ಕೂರುತ್ತದೆ. ಜಗಳಕ್ಕೆ ಬಂದವರಿಗೆ ಒಂದೊಂದು ದಿಂಬು ಹೊಲಿದು ಕೊಟ್ಟು ಬಾಯಿ ಮುಚ್ಚಿಸಿದ್ದಾಳೆ. ಗಾಡಿಯವನು ಹೊಲಿದ ಹಾಸಿಗೆಗಳನ್ನು ಊರೊಳಗೆ ಮುಟ್ಟಿಸುತ್ತಾನೆ, ಹಳೆಯದನ್ನು ತರುತ್ತಾನೆ.

ಹಗಲು ನಾನು ಮಲಗಿದರೆ ಎಂದು ಅಕ್ಕ ದಾರಕ್ಕೆ ದಾರ ಗಂಟು ಹಾಕಿ ನನ್ನ ಕಿಟಕಿಯಿಂದ ತಾರಸಿಯವರೆಗೂ ಬಿಟ್ಟಿದ್ದಾಳೆ. ಹತ್ತಿ ಬಡಿಯುವಾಗ ಅದು ಅವಳ ಕಾಲಿಗೆ ಕಟ್ಟಿರುತ್ತದೆ. ಕಳೆದ ವಾರ ಮಧ್ಯಾಹ್ನ ಊಟವಾಗಿ ಒರಗಿದವಳಿಗೆ ಎಚ್ಚರವಾದಾಗ ನಾನು ಮಗ್ಗುಲಾಗಿದ್ದೆ. ಬಾಗಿಲು ಹಾರುಹೊಡೆದಿತ್ತು. ಅಕ್ಕ ತಲೆಯ ತುಂಬ ಅರಳೆ ಹೊತ್ತು, ಏದುಸಿರು ಬಿಡುತ್ತ, ನನ್ನ ಬಾಯಿ ಒರೆಸುತ್ತಿದ್ದಳು.

"ಏನಾಯ್ತಕ್ಕಾ?"

"ಏನಿಲ್ಲ. ಎದ್ದು ಒಂದು ಲೋಟ ಚಹಾ ಕಾಸು. ಮೇಲೆ ಹತ್ತಿ ಹಾಗೇ ಬಿಟ್ಟು ಬಂದಿದ್ದೀನಿ, ಗಾಳಿ ಏಳ್ತಿದೆ."

ಅವಳ ಕಾಲಿನ ಸುತ್ತ ಕೆಂಪು ಗೆರೆ ಇತ್ತು. ನಾನು ಎದ್ದು ಚಹಾಕ್ಕೆ ನೀರಿಟ್ಟೆ.