ಎಂಟು ಗಂಟೆಯ ಮಾತ್ರೆ

ನವೆಂಬರ್ ತಿಂಗಳ ಎರಡನೇ ಬುಧವಾರ, ಬೆಳಗ್ಗೆ ಏಳು ಗಂಟೆ ಐವತ್ತೆರಡು ನಿಮಿಷ. ಸ್ಥಳ, ಬಿಜೈಯಲ್ಲಿ ನಮ್ಮ ಎರಡನೇ ಮಹಡಿಯ ಫ್ಲ್ಯಾಟ್. ಹಾಜರಿದ್ದವರು ನಾನು, ನನ್ನ ಹೆಂಡತಿ, ಮಗಳು, ಮಗಳ ಮೂರೂವರೆ ವರ್ಷದ ಮಗಳು. ಅಳಿಯ ಗಲ್ಫಿನಲ್ಲಿದ್ದಾನೆ, ಆದ್ದರಿಂದ ಈ ವಿಷಯದಲ್ಲಿ ಅವನೊಬ್ಬ ನಿರಪರಾಧಿ.

ಮೂವರು ದೊಡ್ಡವರ ನಡುವೆ ಒಂದು ಮಗು. ಮಗುವಿನ ಮೇಲೆ ಆರು ಕಣ್ಣುಗಳಿರಬೇಕಿತ್ತು. ಹೆಂಡತಿಯ ಎರಡು ಕಣ್ಣು ನೀರುದೋಸೆಯ ಕಾವಲಿಯ ಮೇಲಿದ್ದವು. ಮಗಳ ಕಣ್ಣಿನಲ್ಲಿ ಸ್ನಾನದ ಸೋಪಿತ್ತು. ನನ್ನವು ಕೆಳಗೆ ಗೇಟಿನ ಬಳಿ ಬಂಗುಡೆ ಮೀನಿನ ಕಿವಿರನ್ನು ಪರೀಕ್ಷಿಸುತ್ತಿದ್ದವು. ಮಗುವನ್ನು ಇನ್ನೊಬ್ಬರು ನೋಡುತ್ತಿದ್ದಾರೆ ಎಂಬ ಬಗ್ಗೆ ಮೂವರಿಗೂ ಪೂರ್ಣ ವಿಶ್ವಾಸವಿತ್ತು. ನಮ್ಮದು ಒಬ್ಬರನ್ನೊಬ್ಬರು ನಂಬುವ ಕುಟುಂಬ.

ನಾನು ಒಂದು ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟೈಂಕೀಪರ್ ಆಗಿದ್ದವ. ಏಳೂವರೆಗೆ ಸೈರನ್ ಒತ್ತುವುದು, ಏಳು ಮೂವತ್ತೈದಕ್ಕೆ ಗೇಟು ಹಾಕಿಸುವುದು, ಆಮೇಲೆ ಬಂದವನ ಅಜ್ಜಿ ಸತ್ತಿದ್ದರೂ ಅರ್ಧ ದಿನದ ಗೈರುಹಾಜರಿ ಬರೆಯುವುದು ನನ್ನ ಕೆಲಸವಾಗಿತ್ತು. ಕಾರ್ಖಾನೆ ಮುಚ್ಚಿತು, ಚಿಮಿಣಿ ಉರುಳಿತು, ಆ ಜಾಗದಲ್ಲಿ ಈಗ ಲಿಫ್ಟಿರುವ ಕಟ್ಟಡಗಳು ನಿಂತಿವೆ. ಸೈರನ್ ಮಾತ್ರ ಮನೆಗೆ ಬಂತು ಎಂದು ಹೆಂಡತಿ ನಮ್ಮ ಬಂಧುಗಳಿಗೆಲ್ಲ ಹೇಳಿದ್ದಾಳೆ.

ಮಳೆಗಾಲ ಮುಗಿಯುವಾಗ ಮಗುವಿಗೆ ಹಿಡಿದ ಶೀತ ಬಿಡಲಿಲ್ಲ. ಹೋಮಿಯೋಪತಿಯವರು ಸಿಹಿಗುಳಿಗೆ ಕೊಟ್ಟರು, ದಿನಕ್ಕೆ ನಾಲ್ಕು ಕಾಳು. ಬೇರೆ ಮನೆಗಳಲ್ಲಿ ಚಮಚ ಹಿಡಿದು ಮಗುವಿನ ಹಿಂದೆ ಓಡುವುದನ್ನು ನೋಡಿದ್ದೇನೆ. ನಮ್ಮಲ್ಲಿ ಅಂಥ ಅವ್ಯವಸ್ಥೆಗೆ ಅವಕಾಶವಿಲ್ಲ. ಹನ್ನೆರಡು ದಿನಗಳಲ್ಲಿ ನಾನು ಮಗುವನ್ನು ತಯಾರು ಮಾಡಿದೆ. ಗೋಡೆಯ ಗಡಿಯಾರ ಎಂಟು ಬಾರಿಸಿದ ಕೂಡಲೇ ಅವಳು ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಬೇಕು. ಎದುರಿನ ಗಿಡ್ಡ ಸ್ಟೂಲಿನ ಮೇಲೆ ಸ್ಟೀಲಿನ ಬಟ್ಟಲಿನಲ್ಲಿ ನನ್ನ ಎರಡು ಮಾತ್ರೆ, ಪಕ್ಕದಲ್ಲಿ ಬಾಟಲಿಯ ಮುಚ್ಚಳದಲ್ಲಿ ಅವಳ ಗುಳಿಗೆ. ಅಜ್ಜ, ಮೊಮ್ಮಗಳು ಒಟ್ಟಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿಯಬೇಕು. ಅಳಬಾರದು, ಪ್ರಶ್ನೆ ಕೇಳಬಾರದು, ಎಂಟಾದ ಮೇಲೆ ಯಾರಿಗೂ ಕಾಯಬಾರದು. ಕೊನೆಯದನ್ನು ನಾನು ಬಾಯಿಪಾಠ ಮಾಡಿಸಿದ್ದೆ.

ಮನೆಗೆ ಬಂದವರಿಗೆ ಪ್ರದರ್ಶನವೂ ನಡೆಯುತ್ತಿತ್ತು. “ನಮ್ಮ ಮಗುವಿಗೆ ಮದ್ದು ಕೊಡುವ ಕೆಲಸವೇ ಇಲ್ಲ. ತಾನಾಗಿ ತೆಗೆದುಕೊಳ್ತಾಳೆ” ಎಂದು ನಾನು ಹೇಳುತ್ತಿದ್ದೆ. ಬಂದವರು ತಲೆದೂಗುತ್ತಿದ್ದರು. ಈ ವಾಕ್ಯದಲ್ಲಿ ಎಂತ ತಪ್ಪಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆಯದಿರುವುದು ಸಹಜ. ನಾನು ಹೊಗಳಿಕೆ ಸ್ವೀಕರಿಸುವುದರಲ್ಲಿದ್ದೆ.

ನನ್ನ ಮಾತ್ರೆಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಅವು ಬರುವ ಹಾಳೆಯನ್ನು ಒಡೆಯಲು ಎಳೆಯ ಬೆರಳಿಗೆ ಆಗದು. ನನ್ನ ಹೆಬ್ಬೆರಳಿಗೇ ಕಷ್ಟ. ದಿನಾ ಬೆಳಗ್ಗೆ ಏಳು ಐವತ್ತಕ್ಕೆ ನಾನು ಆ ಕಷ್ಟವನ್ನು ಮಗುವಿನ ಪರವಾಗಿ ನಿವಾರಿಸಿ, ಮಾತ್ರೆಗಳನ್ನು ತೆರೆದ ಬಟ್ಟಲಿಗೆ ಹಾಕಿ, ಅವಳ ಎದೆಮಟ್ಟದ ಸ್ಟೂಲಿನ ಮೇಲೆ ಇಡುತ್ತಿದ್ದೆ. ಇದನ್ನೇ ನಾನು ವ್ಯವಸ್ಥೆ ಎನ್ನುತ್ತಿದ್ದುದು.

ಆ ಬುಧವಾರ ನನ್ನ ಮಾತ್ರೆಗಳನ್ನು ಇಟ್ಟಾಗಿತ್ತು. ಅವಳ ಬಾಟಲಿಯನ್ನು ಕಪಾಟಿನಿಂದ ಇನ್ನೂ ಇಳಿಸಿರಲಿಲ್ಲ. ಅಷ್ಟರಲ್ಲಿ ಮೀನಿನ ಬೈಕಿನವನ ಹಾರ್ನು ಕೇಳಿಸಿತು. ಹೆಂಡತಿಗೆ ಮೊಣಕಾಲು ನೋವು. ನಾನು ಪಾತ್ರೆ ಹಿಡಿದು ಇಳಿದೆ.

“ಇವತ್ತಿನದ್ದೇ ಮಾರಾಯ್ರೆ, ಬೆಳಗ್ಗೆ ದಕ್ಕೆಯಲ್ಲಿ ಬೋಟಿನಿಂದ ಇಳಿಸಿ ತಂದದ್ದು” ಎಂದ ಮೀನಿನವ.

“ನಿನ್ನೆ ಸಹ ಇವತ್ತಿನದ್ದೇ ಅಂತ ಹೇಳಿದ್ದಿ.”

“ನಿನ್ನೆಯದ್ದು ನಿನ್ನೆ ಇವತ್ತಿನದ್ದೇ ಅಲ್ವಾ?”

ಈ ಜಿಜ್ಞಾಸೆ ಇತ್ಯರ್ಥವಾಗಿ ನಾನು ಮೇಲೆ ಬರುವಾಗ ಎಂಟು ಗಂಟೆ ಆರು ನಿಮಿಷ. ಮಗು ಮಣೆಯ ಮೇಲೆ ನೆಟ್ಟಗೆ ಕುಳಿತಿತ್ತು. ಲೋಟ ಖಾಲಿ.

“ಅಜ್ಜ, ನೀವು ಲೇಟ್.”

“ನಿನ್ನ ಮದ್ದು ಈಗ ಕೊಡ್ತೇನೆ.”

“ನಾನು ತೆಗೊಂಡಾಯ್ತು. ದೊಡ್ಡದು ಕಹಿ ಉಂಟು, ಉಗಿದೆ. ಸಣ್ಣದು ಹೋಯ್ತು.”

ಬಟ್ಟಲು ಬರಿದಾಗಿತ್ತು. ರಕ್ತದೊತ್ತಡದ ಬಿಳಿ ಮಾತ್ರೆ ನೆಲದ ಮೇಲೆ ಒದ್ದೆಯಾಗಿ ಬಿದ್ದಿತ್ತು. ಸಕ್ಕರೆ ಕಾಯಿಲೆಯ ಸಣ್ಣ ಮಾತ್ರೆ ಮಣೆಯ ಕೆಳಗಿರಲಿಲ್ಲ, ಚಾಪೆಯ ಅಡಿಯಲ್ಲಿರಲಿಲ್ಲ, ಅವಳ ಮುಷ್ಟಿಯಲ್ಲಿರಲಿಲ್ಲ, ಬಾಯಿಯಲ್ಲಿಯೂ ಇರಲಿಲ್ಲ. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ಬಾಗಿಲು ತೆರೆದಿದ್ದುದರಿಂದ ಎದುರು ಫ್ಲ್ಯಾಟಿನ ನಿವೃತ್ತ ಗೃಹಸ್ಥರೂ ಬಂದರು. ಅವರು ಯಾವ ಇಲಾಖೆಯಲ್ಲಿದ್ದರೋ ನನಗೆ ತಿಳಿಯದು. ಅವರಿಗೆ ತಿಳಿಯದ ಇಲಾಖೆ ಮಾತ್ರ ಯಾವುದೂ ಇಲ್ಲ.

“ಶುಗರಿನ ಮಾತ್ರೆ ಅಲ್ವಾ? ಶುಗರೇ ಇಲ್ಲದ ಮಗುವಿಗೆ ಅದು ಎಂತ ಮಾಡ್ತದೆ?” ಎಂದರು. “ಒಂದು ಲೋಟ ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಿ. ಮುಗೀತು.”

ಹೇಳಿದ್ದು ಸಾಲದೆಂದು ತಾವೇ ಒಂದು ಲೋಟ ನೀರಿಗೆ ಉಪ್ಪು ಕದಡಿ ಹಿಡಿದುಕೊಂಡರು. ಹೆಂಡತಿ ಎಳನೀರು ಕೊಡುವ ಎಂದಳು. ಮಗು ಅಷ್ಟರಲ್ಲಿ ಎದ್ದು ಬಂಗುಡೆಯ ಕಣ್ಣಿಗೆ ಬೆರಳು ಚುಚ್ಚಿ ನಗುತ್ತಿತ್ತು. ಅದನ್ನು ಕಂಡು ನಾನು ನನ್ನ ಜೀವಮಾನದ ಅತ್ಯಂತ ಮೂರ್ಖ ಮಾತನ್ನು ಬಹಳ ಗಾಂಭೀರ್ಯದಿಂದ ಆಡಿದೆ. “ಚೆನ್ನಾಗಿಯೇ ಇದ್ದಾಳಲ್ಲ. ಒಂಬತ್ತರವರೆಗೆ ನೋಡುವ.”

ಮಗಳು ಒದ್ದೆ ತಲೆಯಲ್ಲೇ ಸ್ನಾನದ ಕೋಣೆಯಿಂದ ಬಂದಿದ್ದಳು. “ಎಂತ ನೋಡುದು ಅಪ್ಪ? ಅವಳು ಬೀಳುದನ್ನಾ?” ಎಂದಳು. ಎದುರು ಫ್ಲ್ಯಾಟಿನವರ ಕೈಯಿಂದ ಉಪ್ಪುನೀರಿನ ಲೋಟ ತೆಗೆದು ಸಿಂಕಿಗೆ ಚೆಲ್ಲಿದಳು. “ಮಾತ್ರೆಯ ಸ್ಟ್ರಿಪ್ ತೆಗೊಳ್ಳಿ. ಎರಡರದ್ದೂ. ಆಟೋ ನಿಲ್ಲಿಸಿ.”

ಮಕ್ಕಳ ಆಸ್ಪತ್ರೆ ಕದ್ರಿಯ ಕಡೆ. ಆಟೋದಲ್ಲಿ ಮಗು ಹಾಡುತ್ತಿತ್ತು. ನಾನು ಮಗಳ ಕಡೆ ತಿರುಗಿ, ನೋಡು, ಏನೂ ಆಗಿಲ್ಲ ಎನ್ನಬೇಕೆಂದುಕೊಂಡೆ. ಅವಳ ಮುಖ ನೋಡಿ ರಸ್ತೆಯ ಕಡೆ ತಿರುಗಿದೆ.

ವೈದ್ಯೆ ಸಣ್ಣ ಪ್ರಾಯದವರು. ಯಾವ ಮಾತ್ರೆ, ಎಷ್ಟು, ಯಾವಾಗ ಎಂದು ಕೇಳಿದರು. ನಾನು ಸ್ಟ್ರಿಪ್ ಕೊಟ್ಟು, “ಒಂದು ಮಾತ್ರೆ. ಎಂಟು ಗಂಟೆಗೆ ಸರಿಯಾಗಿ” ಎಂದೆ.

“ಸರಿಯಾಗಿ ಎಂಟು ಅಂತ ಹೇಗೆ ಗೊತ್ತು?”

“ಅಭ್ಯಾಸ ಮಾಡಿಸಿದ್ದೇನೆ” ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿದರು. “ವಾಂತಿ ಮಾಡಿಸಿದ್ರಾ?”

“ಇಲ್ಲ” ಎಂದಳು ಮಗಳು.

“ಒಳ್ಳೆಯದಾಯ್ತು. ಮನೆಯಲ್ಲಿ ಮದ್ದನ್ನು ಚಾಕಲೇಟ್, ಪೆಪ್ಪರ್‌ಮಿಂಟ್ ಅಂತ ಹೇಳಿ ಕೊಡುದುಂಟಾ?”

ಇಲ್ಲಿ ನನಗೆ ಸ್ವಲ್ಪ ಹೆಮ್ಮೆಯಾಯಿತು. “ನಾವು ಮಗುವಿಗೆ ಸುಳ್ಳು ಹೇಳುದಿಲ್ಲ ಡಾಕ್ಟ್ರೇ. ಮದ್ದನ್ನು ಮದ್ದು ಅಂತಲೇ ಹೇಳಿದ್ದೇನೆ.”

“ಮತ್ತೆ ಯಾಕೆ ತಿಂದಳು?”

“ಎಂಟು ಗಂಟೆ ಆಯ್ತಲ್ಲ” ಎಂದು ಹಾಸಿಗೆಯ ಮೇಲಿದ್ದ ಮಗು ನನ್ನ ಪರವಾಗಿ ಉತ್ತರಿಸಿತು.

ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದರು. ತೊಂಬತ್ತೆರಡು. ನಾನು ಹೋಗಬಹುದಲ್ಲವೇ ಎಂಬಂತೆ ಎದ್ದು ನಿಂತೆ.

“ಕುಳಿತುಕೊಳ್ಳಿ ಅಜ್ಜ. ನಾಳೆ ಬೆಳಗ್ಗೆವರೆಗೆ ಇಲ್ಲೇ. ಈ ಮಾತ್ರೆ ಕೂಡಲೇ ತೋರಿಸಿಕೊಳ್ಳುದಿಲ್ಲ. ಗಂಟೆಗಟ್ಟಲೆ ಕಳೆದು ಸಹ ಸಕ್ಕರೆ ಇಳಿಸ್ತದೆ, ನಾವು ಏರಿಸಿದ್ದನ್ನು ಮತ್ತೆ ಇಳಿಸ್ತದೆ. ಸಕ್ಕರೆ ತೀರಾ ಇಳಿದರೆ ಫಿಟ್ಸ್ ಬರಬಹುದು, ಮೆದುಳಿಗೆ ಪೆಟ್ಟಾಗಬಹುದು.”

“ಒಂದೇ ಒಂದು ಸಣ್ಣ ಮಾತ್ರೆ” ಎಂದೆ.

“ನಿಮ್ಮ ತೂಕ ಎಷ್ಟು?”

“ಎಪ್ಪತ್ತೊಂದು.”

“ಇವಳದ್ದು ಹದಿಮೂರು. ಅದು ಮಾತ್ರೆಗೆ ಗೊತ್ತಿಲ್ಲ.”

ಮನೆಯಲ್ಲಿ ನನಗೆ ಈ ರೀತಿ ಉತ್ತರ ಕೊಡುವವರು ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಹತ್ತು ಗಂಟೆಯವರೆಗೆ ಮಗು ಆಸ್ಪತ್ರೆಯ ಎಲ್ಲರ ಮೇಲೂ ಸಿಟ್ಟು ಮಾಡಿತು. ಆಮೇಲೆ ಸಿಟ್ಟು ಮಾಡುವುದನ್ನು ಬಿಟ್ಟಿತು. ಹಣೆಯಲ್ಲಿ ಬೆವರು, ಫ್ಯಾನು ತಿರುಗುತ್ತಿದ್ದರೂ. ನಿದ್ದೆ ಬಂದಿರಬೇಕು ಎಂದುಕೊಂಡೆ. ನಿದ್ದೆಗೂ ಒಂದು ಸಮಯ ಉಂಟಲ್ಲ, ಇದು ಅದಲ್ಲ. ನಮ್ಮಿಬ್ಬರ ನಡುವೆ ಹಾಜರಿಯ ಆಟವೊಂದಿದೆ. ನಾನು ಕಾರ್ಖಾನೆಯ ಧ್ವನಿಯಲ್ಲಿ ಅವಳ ಹೆಸರು ಕರೆಯುವುದು, ಅವಳು ಎಲ್ಲಿದ್ದರೂ “ಹಾಜರ್” ಎಂದು ಕೂಗುವುದು. ಕರೆದೆ. ಇನ್ನೊಮ್ಮೆ ಕರೆದೆ. ಕಣ್ಣು ಅರ್ಧ ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. ಉತ್ತರ ಬರಲಿಲ್ಲ.

ಮಗಳು ಓಡಿದಳು. ನರ್ಸ್ ಬಂದು ಚುಚ್ಚಿದಾಗ ನಲವತ್ತಾರು. ವೈದ್ಯೆ ಬಂದರು, ಮೊದಲೇ ಕೈಗೆ ಹಾಕಿಟ್ಟಿದ್ದ ಸೂಜಿಯಿಂದ ಗ್ಲೂಕೋಸ್ ಒಳಗೆ ಬಿಟ್ಟರು. ನನ್ನನ್ನು ಯಾರೂ ಹೊರಗೆ ಹೋಗಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಎಷ್ಟು ನಿಮಿಷ ಎಂದು ನನ್ನನ್ನು ಕೇಳಬೇಡಿ; ಆಗ ನಾನು ಗಡಿಯಾರ ನೋಡಿರಲಿಲ್ಲ.

ಕೊನೆಗೆ ಮಗು “ಅಮ್ಮ, ಕೈ ನೋಯ್ತದೆ” ಎಂದು ಅತ್ತಿತು. ಅಳುವಿನ ವಿರುದ್ಧ ನಾನು ಮಾಡಿದ್ದ ನಿಯಮವನ್ನು ಯಾರೂ ನೆನಪಿಸಲಿಲ್ಲ.

ಬೆಳಗ್ಗೆ ನನ್ನ ಮಾತು ನಡೆದಿದ್ದರೆ ನಾವು ಒಂಬತ್ತರವರೆಗೆ ‘ನೋಡಿ’, ಚೆನ್ನಾಗಿದ್ದಾಳೆಂದು ಸಮಾಧಾನಪಟ್ಟು, ಮಗಳು ಕೆಲಸಕ್ಕೆ ಹೋಗಿ, ಹತ್ತೂವರೆಗೆ ಮಗುವಿಗೆ ನಿದ್ದೆ ಬಂತೆಂದು ನಾನೇ ಚಾದರ ಹೊದೆಸುತ್ತಿದ್ದೆ. ತಲೆದಿಂಬನ್ನೂ ಸರಿಮಾಡುತ್ತಿದ್ದೆ. ನಾನು ಅಚ್ಚುಕಟ್ಟಿನ ಮನುಷ್ಯ.

ಮಧ್ಯಾಹ್ನ ಇನ್ನೊಮ್ಮೆ ಇಳಿಯಿತು, ಡ್ರಿಪ್ ಹೆಚ್ಚಿಸಿದರು. ಮೂರರ ನಂತರ ಇಳಿಯಲಿಲ್ಲ. ಪ್ರತಿ ಗಂಟೆಗೆ ನರ್ಸ್ ಚುಚ್ಚಲು ಬರುವ ಮೊದಲೇ ನಾನು ಬಾಗಿಲಲ್ಲಿರುತ್ತಿದ್ದೆ. “ಅಜ್ಜ, ನಮಗೆ ಅಲಾರಂ ಉಂಟು” ಎಂದಳು ಅವಳು. ಮಗಳು ಇಡೀ ದಿನದಲ್ಲಿ ನನ್ನೊಡನೆ ಅಗತ್ಯಕ್ಕಿಂತ ಒಂದೇ ಮಾತು ಜಾಸ್ತಿ ಆಡಿದಳು. “ಅಪ್ಪ, ನೀವು ಅವಳಿಗೆ ಮದ್ದು ತಿನ್ನಲು ಕಲಿಸಿದ್ರಿ. ತಿನ್ನಬಾರದು ಅಂತ ಯಾರು ಕಲಿಸುದು?”

ಐದು ಗಂಟೆಗೆ ಬಟ್ಟೆ, ಗಂಜಿ ತರಲು ನನ್ನನ್ನು ಮನೆಗೆ ಕಳುಹಿಸಿದಳು. ಮನೆಯಲ್ಲಿ ಹೆಂಡತಿ ಊಟದ ಮೇಜಿನ ಮೇಲೆ ಮನೆಯ ಮದ್ದುಗಳನ್ನೆಲ್ಲ ತಂದು ಸುರಿದಿದ್ದಳು. ಒಂದು ಮೆಡಿಕಲ್ ಅಂಗಡಿಗೆ ಸಾಕಾಗುವಷ್ಟು. ಫ್ರಿಜ್ಜಿನ ಬಾಗಿಲಲ್ಲಿ ಮಾವಿನ ರಸದ ಪಕ್ಕ ಇದ್ದ ಕೆಮ್ಮಿನ ಸಿರಪ್. ಮಗಳ ಕೈಚೀಲದ ತಲೆನೋವಿನ ಮಾತ್ರೆ. ದೇವರ ಫೋಟೋದ ಹಿಂದೆ ನಾನೇ ಅರ್ಧಕ್ಕೆ ಬಿಟ್ಟ ಹಳೆಯ ಆ್ಯಂಟಿಬಯೋಟಿಕ್ ಕೋರ್ಸ್. ದೇವರಿಗೆ ಅದನ್ನು ಯಾಕೆ ವಹಿಸಿದ್ದೆವೋ. ಅವಳ ಮೊಣಕಾಲಿನ ಮಾತ್ರೆಗಳು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿದ್ದವು. ಚಂದದ ಡಬ್ಬಿ, ಮುಚ್ಚಳದ ಮೇಲೆ ಗಿಳಿ.

“ನಿಮ್ಮದು ಮಾತ್ರ ಅಲ್ಲ” ಎಂದಳು ಹೆಂಡತಿ. ನಲವತ್ತು ವರ್ಷಗಳಲ್ಲಿ ಅವಳು ನನ್ನ ತಪ್ಪಿನಲ್ಲಿ ಪಾಲು ಕೇಳಿದ್ದು ಅದೇ ಮೊದಲು.

ಹಳೆಯದನ್ನು ಬೇರೆ ಕಟ್ಟಿದೆವು. ಉಳಿದದ್ದು ಕಬ್ಬಿಣದ ಕಪಾಟಿನ ಮೇಲಿನ ಅರೆಗೆ ಹೋಯಿತು. ಬೀಗ ಹಾಕಿ ಎಳೆದು ನೋಡಿದೆ. ಸಿಹಿಗುಳಿಗೆಯನ್ನೂ ಒಳಗೇ ಇಟ್ಟೆ.

ಆರೂವರೆಗೆ ಆಸ್ಪತ್ರೆಯಲ್ಲಿ ಸಕ್ಕರೆ ನೂರ ನಾಲ್ಕು. ಹೀಗೇ ನಿಂತರೆ ಬೆಳಗ್ಗೆ ಮನೆಗೆ ಎಂದರು ವೈದ್ಯೆ. ಹಾಗೇ ನಿಂತಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಮಗು ದಿಂಬಿಗೆ ಒರಗಿ ಕುಳಿತಿತ್ತು. ನಾನು ಡಬ್ಬಿ ತೆರೆದು ಗಂಜಿ ತಿನ್ನಿಸಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದನ್ನು ನಾನೇ ಹೇಳಬೇಕಿತ್ತು.

“ಇನ್ನು ಮೇಲೆ ಮದ್ದನ್ನು ನೀನೇ ತೆಗೊಳ್ಳಬಾರದು. ಅಮ್ಮ ಕೈಯಲ್ಲಿ ಕೊಟ್ಟರೆ ಮಾತ್ರ.”

“ಎಂಟು ಗಂಟೆಗೆ?”

“ಎಷ್ಟು ಗಂಟೆಗಾದ್ರೂ.”

“ಅಮ್ಮ ಲೇಟ್ ಆದ್ರೆ?”

“ಆಗಲಿ. ಕಾಯಬೇಕು.”

“ತುಂಬ ಲೇಟ್ ಆದ್ರೆ?”

“ತುಂಬ ಕಾಯಬೇಕು.”

ಅವಳಿಗೆ ನಂಬಿಕೆ ಬರಲಿಲ್ಲ. ತಾಯಿಯ ಕಡೆ ನೋಡಿದಳು, ತಾಯಿ ಹೌದೆಂದಳು. ಮೂರು ಸಲ ಬಾಯಿಬಿಟ್ಟು ಹೇಳಿಸಿದೆ. ಮತ್ತೆ ಉಳಿದ ನಾಲ್ಕು ಚಮಚ ಗಂಜಿಯನ್ನು ತಿನ್ನಿಸಿ, ಬಾಯಿ ಒರೆಸಿ, ಹೊರಗಿನ ನಲ್ಲಿಯಲ್ಲಿ ಡಬ್ಬಿ ತೊಳೆದು ಕವುಚಿ ಇಟ್ಟೆ.