ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಅವ್ವ ನನ್ನ ಜೊತೆ ಫೋನಿನಲ್ಲಿ ಮಾತಾಡುವುದು ರೊಟ್ಟಿ ಬಡಿಯುತ್ತಲೇ. ಸುರಪುರದ ಮನೆಯಲ್ಲಿ ಸಂಜೆ ಒಲೆ ಹೊತ್ತಿಸಿದಳೆಂದರೆ ಹಳೆಯ ಬಟನ್ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕುತ್ತಾಳೆ. ನಾನು ಯಾದಗಿರಿಯ ಕಚೇರಿಯಿಂದ ಹೊರಬೀಳುತ್ತ ಮಾತಾಡುತ್ತೇನೆ. ಅವಳ ಮಾತಿನ ಹಿಂದೆ ಪಟಪಟ ಸದ್ದು ಇದ್ದೇ ಇರುತ್ತದೆ. ಸುದ್ದಿ ಸ್ವಾರಸ್ಯವಾಗಿದ್ದರೆ ಅದು ನಿಧಾನವಾಗುತ್ತದೆ, ಸಿಟ್ಟು ಬಂದರೆ ಜೋರಾಗುತ್ತದೆ.

ಆ ದಿನ ಸದ್ದು ಇರಲಿಲ್ಲ.

ಏನು ಮಾಡುತ್ತಿದ್ದೀ ಎಂದು ಕೇಳಿದೆ. “ರೊಟ್ಟಿ ಬಡಿಯಾಕತ್ತೀನವ್ವ” ಎಂದಳು. ಊಟ ಆಯಿತೇ ಎಂದು ವಿಚಾರಿಸಿದಳು, ನೀರು ಕಾಸಿ ಕುಡಿ ಎಂದಳು. ಎಲ್ಲ ಎಂದಿನ ಮಾತೇ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವಾಗ ಸುಳ್ಳು ಹೇಳುವವರ ಲಕ್ಷಣಗಳನ್ನು ಕಲಿತು, ಹಾಸ್ಟೆಲಿನಲ್ಲಿ ಗೆಳತಿಯರ ಮೇಲೆ ಪ್ರಯೋಗ ಮಾಡಿ ನಕ್ಕಿದ್ದೆವು. ದನಿ ನಡುಗುತ್ತದೆ, ಮಾತು ತಡವರಿಸುತ್ತದೆ, ಬೇಡದ ವಿವರ ಬರುತ್ತದೆ. ಅವ್ವನ ದನಿಯಲ್ಲಿ ಅಂಥದ್ದೇನೂ ಇರಲಿಲ್ಲ. ಅಂಗೈಯ ಸದ್ದು ಮಾತ್ರ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಬಳಿಯಿದ್ದ ಇನ್ನೊಂದು, ದೊಡ್ಡ ಪರದೆಯ ಫೋನಿನಿಂದ ಒಂದು ಸಂದೇಶ ಬಂತು. ತಲೆ ನೋಯುತ್ತಿದೆ, ಮಲಗುತ್ತೇನೆ, ಕರೆ ಮಾಡಬೇಡ. ಅವ್ವ ಬರೆದು ಕಳಿಸುವವಳೇ ಅಲ್ಲ. ಹೇಳುವುದನ್ನೆಲ್ಲ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಇದನ್ನು ಬಂದ್ ಮಾಡುವುದು ಹೇಗೆಂದು ತಮ್ಮನನ್ನು ಕೇಳುವುದೂ ಅದರಲ್ಲೇ ಇರುತ್ತದೆ. ಮನೆಯಲ್ಲಿ ಅವಳ ಜೊತೆಗಿರುವ ತಮ್ಮ ಅಂದು ಕೆಲಸದ ಮೇಲೆ ಗುರುಮಠಕಲ್ಲಿಗೆ ಹೋಗಿದ್ದ. ಅವಳ ಸಕ್ಕರೆ ಕಾಯಿಲೆ ಏರುಪೇರಾಗಿದೆ, ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಪಕ್ಕದ ಮನೆಯವಳಿಗೆ ಫೋನು ಮಾಡಿದೆ. ಚಿಕ್ಕಂದಿನಿಂದ ನಾನು ಅವಳನ್ನು ಅವರ ಉರ್ದುವಿನಲ್ಲೇ ಖಾಲಾ, ಚಿಕ್ಕಮ್ಮ, ಎಂದು ಕರೆಯುವುದು. ಒಮ್ಮೆ ಹೋಗಿ ನೋಡಿರೆಂದು ಹೇಳಿ ಶಹಾಪುರದ ಬಸ್ಸು ಹತ್ತಿದೆ.

ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಖಾಲಾಳ ಫೋನು ಬಂತು. ಸುಮ್ಮನೆ ವಿಚಾರಿಸಲು ಹೋದರೆ ಅವ್ವ ಬಾಯಿ ಬಿಡುವುದಿಲ್ಲವೆಂದು ಅವಳು ಬಟ್ಟಲು ಹಿಡಿದು ಹೋಗಿ ಮೊಸರಿಗೆ ಹೆಪ್ಪು ಕೇಳಿದ್ದಳು. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ನಮ್ಮ ಮನೆಯಿಂದ ಹೊರಗೆ ಹೋಗುವುದಿಲ್ಲ. ಖಾಲಾಗೆ ಅದು ಚೆನ್ನಾಗಿ ಗೊತ್ತು. ಬೇಕೆಂದೇ ಆ ಹೊತ್ತಿಗೆ ಕೇಳಿ, ಬೈಸಿಕೊಂಡು, ಒಳಗೆ ಕೂತು ಚಹಾ ಕುಡಿದು ಬರುವುದು ಅವರಿಬ್ಬರ ಹಳೆಯ ಆಟ.

“ಬೇಟಾ, ನಿಮ್ಮವ್ವ ಬೈಲಿಲ್ಲ” ಎಂದಳು ಖಾಲಾ. “ಬಾಗಿಲದಾಗ ನಿಂತು ಹೆಪ್ಪು ಕೊಟ್ಟು ಹೋಗು ಅಂದ್ಲು. ಮೈಮ್ಯಾಲ ಹೊಸ ಸೀರಿ ಅದ, ಕಾಲಾಗ ಚಪ್ಪಲ್ ಅದ. ನಕ್ಕೋತ ಕೊಟ್ಲು. ನನಗ ಅಂಜಿಕಿ ಬರಾಕತ್ತದ.”

ತಿರುಗಿ ಹೋಗಿ, ನಾನು ಬರುವ ತನಕ ಅವಳನ್ನು ಎಲ್ಲಿಗೂ ಬಿಡಬೇಡಿ ಎಂದೆ. ಆಮೇಲಿನ ದಾರಿಯಲ್ಲಿ ಬಸ್ಸು ಎಲ್ಲೆಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ.

ಮನೆ ಮುಟ್ಟಿದಾಗ ಖಾಲಾ ಹೊಸ್ತಿಲಿಗೆ ಅಡ್ಡ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಹಿಡಿದುಕೊಂಡಿದೆ, ಏಳಲಾರೆ ಎಂಬ ನೆಪ. ಅವ್ವ ಅವಳ ಹಿಂದೆ ಗಂಟೊಂದನ್ನು ಅವುಚಿಕೊಂಡು ನಿಂತಿದ್ದಳು. ಮನುಷ್ಯರನ್ನು ದಾಟಿ ಹೋಗಬಾರದೆಂದು ನಮಗೆ ಕಲಿಸಿದವಳು ಅವಳೇ. ಅಷ್ಟು ಅವಸರದಲ್ಲೂ ಅವಳಿಗೆ ಖಾಲಾಳ ಕಾಲು ದಾಟಲು ಆಗಿರಲಿಲ್ಲ. ಗಂಟಿನೊಳಗಿಂದ ಗಂಡಸಿನ ದನಿಯೊಂದು ಹಿಂದಿಯಲ್ಲಿ ಗದರುತ್ತಿತ್ತು.

ನನ್ನನ್ನು ಕಂಡು ಅವ್ವ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಪಿಸುಗುಟ್ಟಿದಳು.

“ನಿನ್ನ ಬಿಟ್ರೇನು?”

ಖಾಲಾ ಗಂಟಿನಲ್ಲಿ ಕೈಹಾಕಿ ಫೋನು ತೆಗೆದು, ಅವನಿಗೆ ಉರ್ದುವಿನಲ್ಲಿ ನಾಲ್ಕು ಮಾತು ಬೈದು ಬಂದ್ ಮಾಡಿದಳು. ಅವ್ವ ನನ್ನ ಎರಡೂ ಮಣಿಕಟ್ಟುಗಳನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಬೇಡಿಯ ಗುರುತು ಹುಡುಕುತ್ತಿದ್ದಾಳೆಂದು ನನಗೆ ಮೊದಲು ಹೊಳೆಯಲೇ ಇಲ್ಲ. ಏನೂ ಕಾಣದಾಗ ಅಲ್ಲೇ ಗೋಡೆಗೆ ಒರಗಿ ಕೂತು, ನಡೆದದ್ದನ್ನೆಲ್ಲ ಹೇಳಿದಳು.

ಮಧ್ಯಾಹ್ನ ಅವಳ ದೊಡ್ಡ ಫೋನಿನಲ್ಲಿ ಪೊಲೀಸ್ ಸಮವಸ್ತ್ರದವನೊಬ್ಬ ಕಾಣಿಸಿಕೊಂಡು, ನಿನ್ನ ಮಗಳು ನಮ್ಮ ವಶದಲ್ಲಿದ್ದಾಳೆ ಎಂದಿದ್ದ. ನನ್ನ ದನಿಯನ್ನೇ ಕೇಳಿಸಿದ್ದ. ಅವ್ವಾ ಎಂದು ಅತ್ತ ದನಿ. ಅಂಥ ದನಿಯನ್ನು ಈಗ ಯಂತ್ರವೇ ಹೊರಡಿಸುತ್ತದೆಂದು ಅವಳಿಗೆ ಹೇಗೆ ತಿಳಿಯಬೇಕು? ನಾನು ದಿನಾ ಸಂಜೆ ಫೋನು ಮಾಡುವುದನ್ನು ಅವಳಿಂದಲೇ ತಿಳಿದುಕೊಂಡು, ಇಂದೂ ನಿನ್ನ ಮಗಳೇ ಫೋನು ಮಾಡುತ್ತಾಳೆ, ನಮ್ಮವನು ಅವಳ ಪಕ್ಕದಲ್ಲೇ ಇರುತ್ತಾನೆ, ನಿನಗೆ ವಿಷಯ ಗೊತ್ತೆಂದು ಅವಳಿಗೆ ತಿಳಿದರೆ ಅವಳು ಜೀವಂತ ಬರುವುದಿಲ್ಲ ಎಂದಿದ್ದ. ಆ ಸಂದೇಶವನ್ನೂ ಅವನೇ ಅಕ್ಷರ ಅಕ್ಷರ ಹೇಳಿ ಬರೆಸಿದ್ದ. ದೀಪದ ಹೊತ್ತಿಗೆ ಮೈಮೇಲಿನ ಬಂಗಾರ ತೆಗೆಯದೆ, ಒಬ್ಬಳೇ ಊರಾಚೆಯ ಕ್ರಾಸಿಗೆ ಬರಬೇಕು, ಕಾರು ಬರುತ್ತದೆ ಎಂದಿದ್ದ. ಗಂಟಿನಲ್ಲಿ ಏನಿದೆಯೆಂದು ಬಿಚ್ಚಿ ನೋಡಿದೆ. ನನ್ನದೊಂದು ಸ್ವೆಟರ್, ಬೆಳಗ್ಗೆ ಬಡಿದ ಎರಡು ರೊಟ್ಟಿ, ಒಂದು ಪುಟ್ಟ ಡಬ್ಬಿ ಶೇಂಗಾ ಚಟ್ನಿ. ಲಾಕಪ್ಪಿನಲ್ಲಿ ಥಂಡಿ ಇರುತ್ತದಂತೆ.

ಪೊಲೀಸರಿಗೆ ದೂರು ಕೊಟ್ಟೆವು. ಯಾರೂ ಸಿಕ್ಕಿಲ್ಲ. ನನ್ನ ಬಸ್ಸು ಆ ಕ್ರಾಸನ್ನು ದಾಟಿಯೇ ಬಂದಿತ್ತು. ಅಲ್ಲಿ ದೀಪ ಆರಿಸಿದ ಕಾರು ನಿಂತಿತ್ತೇ ಎಂದು ಈಗಲೂ ನೆನಪನ್ನು ಕೆದಕುತ್ತೇನೆ. ಒಮ್ಮೆ ಕಾಣುತ್ತದೆ, ಒಮ್ಮೆ ಬರೀ ಜಾಲಿಗಿಡ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಅವಳ ಆ ಶಾಂತವಾದ ದನಿ. ನೀರು ಕಾಸಿ ಕುಡಿ ಎಂದಾಗ ಅವಳ ಮನಸ್ಸಿನಲ್ಲಿ ನಾನು ಲಾಕಪ್ಪಿನಲ್ಲಿದ್ದೆ. ನನ್ನನ್ನು ಉಳಿಸಲು ಅಷ್ಟು ಚೆಂದವಾಗಿ ಸುಳ್ಳು ಹೇಳಿದ್ದಳು.

ಈಗ ಅವ್ವ ನನ್ನ ದನಿಯನ್ನು ನಂಬುವುದಿಲ್ಲ. ಅದಕ್ಕೇ ಶನಿವಾರ ಶನಿವಾರ ಸುರಪುರಕ್ಕೆ ಹೋಗುತ್ತೇನೆ. ಹೋದ ಶನಿವಾರ ಕಚೇರಿಯಲ್ಲಿ ಕೆಲಸ ಬಿದ್ದು, ಬರಲಾಗದೆಂದು ಫೋನು ಮಾಡಿದೆ. ಕಾರಣವನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

“ಇಷ್ಟೊತ್ತನಕ ಮಾತಾಡಿದಾಕಿ ನೀನ ಆಗಿದ್ರ” ಎಂದಳು, “ನಾಳಿ ಬಾ.”

ಭಾನುವಾರ ಮೊದಲ ಬಸ್ಸು ಹಿಡಿದೆ.