ಮೂರನೇ ಪರದೆ

ಚಾಮರಾಜಪೇಟೆಯ ಆ ಮೊದಲ ಮಹಡಿಯ ಕೋಣೆ ಒಂದು ಕಾಲಕ್ಕೆ ಸೈಬರ್ ಸೆಂಟರ್ ಆಗಿತ್ತು. ಅದು ಮುಚ್ಚಿಹೋದಾಗ ಪ್ಲೈವುಡ್ ಗೂಡುಗಳು, ಆರು ಹಳೇ ಕಂಪ್ಯೂಟರುಗಳು, ಗೂಡಿಗೊಂದರಂತೆ ಇಳಿಬಿದ್ದ ಕಂದು ಪರದೆಗಳು, ಎಲ್ಲವನ್ನೂ ಇದ್ದ ಹಾಗೇ ಬಾಡಿಗೆಗೆ ಹಿಡಿದವಳು ಸೌಂದರ್ಯಾ. ಕಾಟನ್‌ಪೇಟೆಯಲ್ಲಿ ಮೂಟೆ ಹೊತ್ತ ಅಂಜನಪ್ಪನ ಮಗಳು. ಬಿಸಿಎ ಓದಿ, ಐದು ವರ್ಷ ಕಂಪನಿಯೊಂದರಲ್ಲಿ ದುಡಿದು, ಹೆರಿಗೆಯಾದ ಮೇಲೆ ಕೆಲಸ ಬಿಟ್ಟವಳು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಹೆಂಗಸರಿಗೆ ಪ್ರೋಗ್ರಾಮಿಂಗ್ ಕಲಿಸುತ್ತಾಳೆ. ತಮ್ಮ ತಪ್ಪು ಪಕ್ಕದವರಿಗೆ ಕಾಣದಿರಲಿ ಅಂತ ಅವರು ಪರದೆ ಎಳೆದುಕೊಂಡೇ ಕೂರುತ್ತಾರೆ. ನಾಲ್ಕು ವರ್ಷದ ಮಗಳು ಮೈತ್ರೇಯಿ ಅವಳ ಮೇಜಿನ ಕೆಳಗೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿರುತ್ತಾಳೆ. ಸೌಂದರ್ಯಾ ಕೆಳಗಿನ ಪ್ಲಗ್ಗುಗಳಿಗೆಲ್ಲ ಟೇಪು ಅಂಟಿಸಿದ್ದಾಳೆ. ಆದರೂ ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಕಲಿಸುವುದು ಮಾತ್ರ ಗಟ್ಟಿ. ಮೊದಲ ದಿನವೇ ಅಡಿಗೆಮನೆಯ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟಿದ್ದಳು.

"ಎಣ್ಣೆನ ಜರಡಿಗೆ ಸುರೀತೀರಾ? ಇಲ್ಲ ತಾನೇ? ಒಳಗೆ ಏನು ಹಾಕ್ತೀವಿ ಅನ್ನೋದ್ರ ಮೇಲೆ ಪಾತ್ರೆ. ಡೇಟಾ ಟೈಪ್ ಅಂದ್ರೆ ಅಷ್ಟೇ. ಈಗ ಹೇಳಿ, ಫೋನ್ ನಂಬರು ಯಾವ ಡಬ್ಬಿಗೆ?"

"ಅಂಕಿ ಡಬ್ಬಿಗೆ," ಅಂದವು ಪರದೆಯ ಹಿಂದಿನ ದನಿಗಳು.

"ಎರಡು ಫೋನ್ ನಂಬರ್ ಯಾರಾದ್ರೂ ಕೂಡಿದೀರಾ? ಕೂಡೋ ಹಾಗಿಲ್ಲ, ಕಳೆಯೋ ಹಾಗಿಲ್ಲ. ಅದು ಅಕ್ಷರದ ಡಬ್ಬಿಗೇ ಹೋಗ್ಬೇಕು."

ಒಂದೇ ಬಗೆಯ ಡಬ್ಬಿಗಳನ್ನು ನಂಬರು ಕೊಟ್ಟು ಸಾಲಾಗಿ ಜೋಡಿಸಿದರೆ ಅದು 'ಅರೇ'; ಅದನ್ನು ಕಲಿಸಲು ಆ ಗೂಡುಗಳೇ ಸಾಕಾದವು. ಒಂದೇ ಥರದ ಆರು ಗೂಡು, ಒಂದೇ ಸಾಲು. ಪ್ರತಿ ಮಾನಿಟರಿನ ನೆತ್ತಿಗೆ ಚೀಟಿ ಅಂಟಿಸಿದಳು: ಸೊನ್ನೆಯಿಂದ ಐದು.

"ಬಾಗಿಲಿಂದ ಎಷ್ಟು ಗೂಡು ದಾಟ್ಬೇಕು ಅನ್ನೋದೇ ಅದರ ನಂಬರು. ಮೊದಲ್ನೇದಕ್ಕೆ ಏನೂ ದಾಟ್ಬೇಕಾಗಿಲ್ಲ. ಅದಕ್ಕೇ ಸೊನ್ನೆ."

"ಮೂವತ್ತು ವರ್ಷ ಇದೇ ಪೇಟೆ ರಸ್ತೆ ಗುಡಿಸ್ದೋಳು ನಾನು, ಮೇಡಮ್ಮಾ," ಅಂದಳು ಎರಡನೇ ನಂಬರಿನ ಮುನಿಲಕ್ಷ್ಮಮ್ಮ. ಕೆಲಸದಿಂದ ನಿವೃತ್ತಳಾಗಿ, ಸುಮ್ಮನೆ ಕೂರಲಾರದೆ ಬಂದವಳು. "ಒಂದ್ನೇ ಕ್ರಾಸು, ಎರಡ್ನೇ ಕ್ರಾಸು ಅಂತೆಲ್ಲ ಐತೆ. ಸೊನ್ನೇ ಕ್ರಾಸು ಅನ್ನೋದ್ನ ಎಲ್ಲೂ ಕಾಣ್ಲಿಲ್ಲಪ್ಪ."

ಅವಳ ಪಕ್ಕದ ಗೂಡು, ಮೂರನೇ ನಂಬರು, ಮಾಧವಿಯದು. ಇಪ್ಪತ್ತಾರು ವಯಸ್ಸು. ಬಿಸಿಲುಗಾಲದಲ್ಲೂ ತುಂಬುತೋಳಿನ ಕುಪ್ಪಸ. ಅವಳ ಗಂಡ ಗೌರೀಶ ಸೈಟು ಕೊಡಿಸುವ ದಲ್ಲಾಳಿ. ಯಾರಿಗೆ ಏನು ಟೈಪ್ ಮಾಡೋಕೆ ಹೋಗ್ತೀಯ ಅಂತ ಕೇಳಿ, ಅವಳ ಎಡಗೈ ಬೆರಳುಗಳನ್ನು ಬೀರುವಿನ ಬಾಗಿಲಿಗಿಟ್ಟು ಅದುಮಿದ್ದ. ಎರಡು ಉಗುರು ಕಿತ್ತುಬಂದಿದ್ದವು. ಅವತ್ತೇ ಅವಳು ಒಂದು ಬ್ಯಾಗು ಹಿಡಿದು ನಗರ್ತಪೇಟೆಯ ಚಿಕ್ಕಮ್ಮನ ಮನೆ ಸೇರಿದಳು. ಇನ್ನು ಮೂರು ವಾರಕ್ಕೆ ಒಂದು ಲ್ಯಾಬಿನಲ್ಲಿ ಡೇಟಾ ಎಂಟ್ರಿ ಕೆಲಸದ ಪರೀಕ್ಷೆ. ಅದು ದಕ್ಕಿದರೆ ಬೇರೆ ಕೋಣೆ ಹಿಡಿಯುವ ಆಸೆ.

"ನೋಟ್‌ಬುಕ್ ಅವನ ಮನೇಲೇ ಬಿಟ್ಬಂದೆ ಮೇಡಂ," ಅಂದಳು ಮಾಧವಿ, ಮೆಟ್ಟಿಲ ಬಳಿ. "ಮೊದಲ್ನೇ ಪುಟದಲ್ಲೇ ಬರ್ದಿದೀನಿ. ಕ್ಲಾಸಿನ ಅಡ್ರೆಸ್ಸು, ಟೈಮು, ಸೀಟ್ ಮೂರು ಅಂತ. ಎಲ್ಲಿ ಕೂತಿರ್ತೀಯೋ ಅಲ್ಲೇ ತಲೆ ಒಡೀತೀನಿ ಅಂತ ಫೋನಲ್ಲಿ ಹೇಳಿದಾನೆ."

ಆ ರಾತ್ರಿ ಸೌಂದರ್ಯಾಳ ಗಂಡ ಶ್ರೀಧರ್ ಒಂದೇ ಮಾತು ಅಂದ: "ನಮ್ ಮಗೂನೂ ಅದೇ ರೂಮಲ್ಲಿ ಕೂತಿರುತ್ತೆ. ಯೋಚ್ನೆ ಮಾಡು." ಅವಳು ಯೋಚಿಸಿದಳು. ಬರಬೇಡ ಅಂತ ಮಾಧವಿಗೆ ಮೆಸೇಜ್ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದಳು.

ಶನಿವಾರ ಬಂತು. ಎರಡೂವರೆಯ ಹೊತ್ತು. ಹೆಂಗಸರು ಪರದೆಯ ಹಿಂದೆ ಟೈಪ್ ಮಾಡುತ್ತಿದ್ದರು; ಸೌಂದರ್ಯಾ ಕೋಣೆಯ ಆ ತುದಿಯಲ್ಲಿ ಬೋರ್ಡಿನ ಮೇಲೆ ಮುಂದಿನ ಪಾಠ ಬರೆಯುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು ಅಂತ ತಿರುಗಿದಳು. ಗೌರೀಶ ನಿಂತಿದ್ದ. ಅವನ ಕೈಯಲ್ಲಿ ಕೆಳಗಿನ ಅಂಗಡಿಯವರು ಶಟರ್ ಎಳೆಯುವ ಕೊಕ್ಕೆಯ ಕಬ್ಬಿಣದ ಕೋಲು. ಅವನು ಕಿರುಚಲಿಲ್ಲ, ಹೆಂಡತಿಯ ಹೆಸರು ಹಿಡಿದು ಕರೆಯಲಿಲ್ಲ. ಮುಚ್ಚಿದ ಪರದೆಗಳತ್ತ ಕೋಲು ಚಾಚಿ ಎಣಿಸಿದ. ಅವನ ತುಟಿ ಅಲುಗುವುದು ಅವಳಿಗೆ ಕಂಡಿತು. ಒಂದು. ಎರಡು. ಮೂರು.

ಅವನು ಒಂದರಿಂದ ಎಣಿಸಿದ್ದ. ಅವನ ಮೂರು ಅಂದರೆ ಮುನಿಲಕ್ಷ್ಮಮ್ಮನ ಗೂಡು.

ಸೌಂದರ್ಯಾಳ ಗಂಟಲಲ್ಲಿ ಕೂಗು ಎದ್ದಿತ್ತು. ಅದಲ್ಲ ಅಂತ ಕೂಗಿದರೆ, ಮಾಧವಿ ಪಕ್ಕದ್ದರಲ್ಲಿದ್ದಾಳೆ ಅಂತ ಬೆರಳು ಮಾಡಿ ತೋರಿಸಿದ ಹಾಗೆ. ಅವಳು ಬಾಯಿ ಬಿಡಲಿಲ್ಲ. ಒಂದು ಕ್ಷಣ, ಅಷ್ಟೇ.

ಅವನು ಪರದೆ ಸರಿಸುವ ಗೋಜಿಗೂ ಹೋಗದೆ ಅದರ ಮೇಲೇ ಬೀಸಿದ. ಒಳಗೆ ಒಣ ಸೌದೆ ಮುರಿದ ಸದ್ದು. ಎರಡನೇ ಏಟಿಗೆ ಮಾನಿಟರ್ ಚೂರಾಯಿತು. ಕಂಬಿಯ ಸಮೇತ ಪರದೆ ಕಳಚಿಬಿದ್ದಾಗ ಅವನಿಗೆ ಕಂಡದ್ದು ನರೆಗೂದಲಿನ ಹೆಂಗಸು. ಬಲಗೈ ಮೊಣಕೈಯ ಕೆಳಗೆ ಸೊಟ್ಟಗಾಗಿ ಜೋತಿತ್ತು. ಹಣೆಯಿಂದ ರಕ್ತ ಕಣ್ಣಿಗಿಳಿಯುತ್ತಿತ್ತು. ಮುನಿಲಕ್ಷ್ಮಮ್ಮ ಎಡಗೈಯಲ್ಲಿ ಆ ಕೊಕ್ಕೆ ಹಿಡಿದುಕೊಂಡಳು.

"ಯಾವನ್ಲಾ ನೀನು," ಅಂದಳು. ಅವನು ಎಳೆದ. ಅವಳು ಬಿಡಲಿಲ್ಲ. ಅವಳ ಹೊಟ್ಟೆಗೆ ಒದ್ದ. ಆಗಲೂ ಬಿಡಲಿಲ್ಲ.

ಪಕ್ಕದ ಪರದೆ ಸರಿಯಿತು. ಮಾಧವಿ ಎದ್ದು ನಿಂತಿದ್ದಳು. ಗೌರೀಶ ಕೋಲು ಬಿಟ್ಟು ಅವಳ ಜಡೆಗೆ ಕೈ ಹಾಕಿ, ಮುಖವನ್ನು ಪ್ಲೈವುಡ್ಡಿಗೆ ಬಡಿದ. ಒಂದು ಸಲ, ಇನ್ನೊಂದು ಸಲ.

ಯುಪಿಎಸ್ ಎಷ್ಟು ಭಾರ ಅಂತ ಸೌಂದರ್ಯಾಳಿಗೆ ಚೆನ್ನಾಗಿ ಗೊತ್ತು. ಅದನ್ನು ಸರಿಸಿ ಗುಡಿಸಲು ಅವಳು ಯಾವತ್ತೂ ಇನ್ನೊಬ್ಬರನ್ನು ಕರೆಯುತ್ತಿದ್ದಳು. ಅವತ್ತು ಒಬ್ಬಳೇ ಎತ್ತಿ ಅವನ ಪಾದದ ಮೇಲೆ ಹಾಕಿದಳು. ಅವನು ಕುಸಿದ. ಅವಳು ಕೀಬೋರ್ಡ್ ಕಿತ್ತುಕೊಂಡು ಅವನ ಕಿವಿಯ ಮೇಲೆ ಹೊಡೆದಳು. ಅದು ಎರಡು ತುಂಡಾದ ಮೇಲೂ ಕೈಯಲ್ಲುಳಿದ ತುಂಡಿನಿಂದ ಹೊಡೆಯುತ್ತಲೇ ಇದ್ದಳು. ಬಾಯಲ್ಲಿ ಏನೋ ಬೈಗುಳ ಬರುತ್ತಿತ್ತು, ಅಪ್ಪನ ಜೊತೆ ಮೂಟೆ ಹೊರುವವರ ಬಾಯಲ್ಲಿ ಕೇಳಿದ್ದು.

"ಮೇಡಂ, ಸಾಕು," ಅಂದಳು ಮಾಧವಿ, ಒಡೆದ ತುಟಿಯಲ್ಲಿ. "ಮಗು ನೋಡ್ತಿದೆ."

ಮೈತ್ರೇಯಿ ಮೇಜಿನ ಕೆಳಗಿಂದ ನೋಡುತ್ತಿದ್ದಳು. ಕೈಯಲ್ಲಿದ್ದ ಕೆಂಪು ಕ್ರೇಯಾನ್ ಮುರಿದಿತ್ತು. ಉಳಿದ ಮೂವರು ಹೆಂಗಸರು ಪೊಲೀಸರು ಬರುವ ತನಕ ಗೌರೀಶನ ಮೇಲೆ ಕೂತಿದ್ದರು.

ಮಾರನೇ ದಿನ ಸೌಂದರ್ಯಾ ಆಸ್ಪತ್ರೆಗೆ ಹೋದಳು. ಮುನಿಲಕ್ಷ್ಮಮ್ಮನ ಕೈಗೆ ರಾಡು ಹಾಕಿದ್ದರು. ಮೂಸಂಬಿ ಸುಲಿಯುತ್ತಾ, ತಲೆಯೆತ್ತದೆ, ಸೌಂದರ್ಯಾ ಹೇಳಿಯೇಬಿಟ್ಟಳು. "ಅವನು ನಿಮ್ ಕಡೆಗೇ ಬರ್ತಿದಾನೆ ಅಂತ ನಂಗೆ ಗೊತ್ತಾಯ್ತು. ಗೊತ್ತಾದ್ರೂ ನಾನು ಕೂಗ್ಲಿಲ್ಲ."

ಮುನಿಲಕ್ಷ್ಮಮ್ಮ ಎಡಗೈ ಚಾಚಿದಳು. ಒಂದು ತೊಳೆ ಬಾಯಿಗಿಟ್ಟುಕೊಂಡು ಬೀಜ ಉಗಿದಳು.

"ನೋವು ಬೋ ಆಯ್ತದೆ," ಅಂದಳು. ಆಮೇಲೆ, "ನನ್ ಕೈ ಕೂಡ್ಕೊಳ್ತದೆ. ಆ ಹುಡುಗಿ ತಲೆ ಕೂಡ್ಕೊಳ್ತಿತ್ತಾ? ನೀನು ಕೂಗಿದ್ದಿದ್ರೆ ಎದ್ಬಂದು ನಾನೇ ನಿನ್ ಕಪಾಳಕ್ಕೆ ಕೊಡ್ತಿದ್ದೆ. ಹಣ್ಣು ಸುಲಿ, ನಿಲ್ಲಿಸ್ಬೇಡ."

ಹನ್ನೆರಡನೇ ದಿನ ಗೌರೀಶ ಜಾಮೀನಿನ ಮೇಲೆ ಹೊರಬಂದ. ಸೌಂದರ್ಯಾ ಎರಡು ಕೆಲಸ ಮಾಡಿದಳು. ಮಗುವನ್ನು ಅಮ್ಮನ ಮನೆಯಲ್ಲಿ ಬಿಟ್ಟಳು. ಉಳಿದ ಐದೂ ಪರದೆಗಳನ್ನು ಕಿತ್ತುಹಾಕಿದಳು. ಈಗ ಒಬ್ಬರ ತಪ್ಪು ಎಲ್ಲರಿಗೂ ಕಾಣುತ್ತದೆ, ಕಾಣಲಿ. ಶಟರ್ ಕೋಲು ಪೊಲೀಸರ ವಶದಲ್ಲಿದೆ. ಅಂಥದ್ದೇ ಇನ್ನೊಂದನ್ನು ಕೊಂಡು ಬೋರ್ಡಿನ ಹಿಂದೆ ಒರಗಿಸಿದ್ದಾಳೆ.

ಆ ಶನಿವಾರ ಮಾಧವಿ ಬಂದಳು. ಮೂಗಿನ ಮೇಲೆ ಹೊಲಿಗೆ. ಮೂರನೇ ನಂಬರಿಗೆ ಹೋಗದೆ ಬಾಗಿಲ ಪಕ್ಕದ ಗೂಡಿನಲ್ಲಿ ಚೀಲ ಇಟ್ಟು, ಕುರ್ಚಿಯನ್ನು ಬಾಗಿಲು ಕಾಣುವಂತೆ ತಿರುಗಿಸಿಕೊಂಡಳು.

"ಅಲ್ಯಾಕೆ ಕೂತ್ಕೊಂಡೆ?" ಅಂದಳು ಸೌಂದರ್ಯಾ. "ಒಳಗೆ ಬಾ, ಐದನೇದು ಖಾಲಿ ಇದೆ."

"ಅವನು ಯಾವ ಲೆಕ್ಕದಲ್ಲಿ ಎಣಿಸ್ಕೊಂಡು ಬಂದ್ರೂ ಮಧ್ಯ ಇನ್ನೊಬ್ರು ಇರಬಾರ್ದು, ಮೇಡಂ," ಅಂದಳು ಮಾಧವಿ. ಉಗುರಿಲ್ಲದ ಬೆರಳಿಂದ ಕಂಪ್ಯೂಟರಿನ ಗುಂಡಿ ಒತ್ತಿದಳು. "ಪರೀಕ್ಷೆ ಸೋಮವಾರ. ಪಾಠ ಶುರು ಮಾಡಿ."